ಗಟ್ಟಿಮೇಳಕ್ಕೆ ಬಂದ ಜಪಾನಿನವರು

ಮೊನ್ನೆ ಟ್ರಂಕಿನ ತಳದಿಂದ ಹಳೆಯ ಸೀರೆಯೊಂದನ್ನು ಎಳೆದಾಗ, ನುಸಿಗುಳಿಗೆಯ ವಾಸನೆಯ ಜೊತೆಗೆ ಒಂದು ಕರ್ಚೀಫಿನ ಗಂಟೂ ಹೊರಗೆ ಬಂತು. ಬಿಚ್ಚುವ ಮೊದಲೇ ಒಳಗೇನಿದೆಯೆಂದು ನನಗೆ ಗೊತ್ತಿತ್ತು. ನಾದಸ್ವರದ ಒಂದು ಕ್ಯಾಸೆಟ್ಟು. ಇಪ್ಪತ್ತು ವರ್ಷದಿಂದ ಅದನ್ನು ಕೇಳಿಲ್ಲ, ಎಸೆದೂ ಇಲ್ಲ. ಕಂಡವರ ಮಾಲನ್ನು ಇಷ್ಟು ಜೋಪಾನವಾಗಿಟ್ಟ ಕಳ್ಳಿ ನಮ್ಮ ಸೀಮೆಯಲ್ಲಿ ಇನ್ನೊಬ್ಬಳಿರಲಾರಳು. ಅದು ನನ್ನ ಟ್ರಂಕಿಗೆ ಬಂದ ಬಗೆಯನ್ನು ಹೇಳುತ್ತೇನೆ. ನಗು ಬಂದರೆ ನಕ್ಕುಬಿಡಿ, ನಮ್ಮ ಮನೆಯವರೂ ನಗುತ್ತಲೇ ಬಂದಿದ್ದಾರೆ.

ಎರಡು ಸಾವಿರದ ಮೂರೋ ನಾಲ್ಕೋ ಇಸವಿ. ನಾನು ಕೊಪ್ಪದಲ್ಲಿ ಡಿಗ್ರಿ ಓದುತ್ತಿದ್ದೆ. ನಮ್ಮ ರಸ್ತೆಯ ಕೊನೆಯಲ್ಲಿ ವಾಸಣ್ಣನವರ ಮೈಕ್‌ಸೆಟ್ ಅಂಗಡಿ. ಮದುವೆಯಿರಲಿ, ಯಕ್ಷಗಾನದ ಆಟವಿರಲಿ, ಚುನಾವಣೆಯ ಭಾಷಣವಿರಲಿ, ಮರಕ್ಕೂ ಮನೆಯ ಮಾಡಿಗೂ ಸ್ಪೀಕರಿನ ಹಾರ್ನು ಕಟ್ಟುತ್ತಿದ್ದವರು ಅವರೇ. ಮಂಗಳೂರಿನ ಹಳೆ ಸಾಮಾನಿನ ಅಂಗಡಿಯಿಂದ ಅವರೊಂದು ಜಪಾನಿನ ಟೇಪ್ ಡೆಕ್ ತಂದಿದ್ದರು. ಅದರ ಹೊಟ್ಟೆಯೊಳಗೆ ಯಾರೋ ಮರೆತುಬಿಟ್ಟ ಕ್ಯಾಸೆಟ್ಟೊಂದು ಉಳಿದುಕೊಂಡಿತ್ತು. ಡಬ್ಬಿಯಿಲ್ಲ, ಮೈಮೇಲೆ ಜಪಾನೀ ಅಕ್ಷರದ ಚೀಟಿಯೊಂದೇ. ಒಳಗಿದ್ದದ್ದು ಸಿಡಿಯುವ ಡ್ರಮ್ಮು, ಕೊರೆಯುವ ಗಿಟಾರು, ಗಂಟಲು ಹರಿಯುವಂತೆ ಕೂಗಿ ಹಾಡುವ ಒಬ್ಬ ಗಂಡಸು.

ಉಳಿದ ಮೈಕಿನವರು "ಹಲೋ, ಹಲೋ, ಟೆಸ್ಟಿಂಗ್" ಎನ್ನುವಲ್ಲಿ ವಾಸಣ್ಣ ಈ ಕ್ಯಾಸೆಟ್ಟನ್ನು ಅರ್ಧ ನಿಮಿಷ ಹಾಕುತ್ತಿದ್ದರು. ಜನ ಸೇರುವ ಮೊದಲು, ಖಾಲಿ ಮದುವೆ ಹಾಲಿನಲ್ಲಿ. "ಇವ್ರ ಗಿಟಾರೇ ಹಾರ್ನಲ್ಲಿ ಒಡೀದೆ ಬಂತು ಅಂದ್ರೆ ಭಟ್ಟರ ದನಿ ಎಲ್ಲಿ ಒಡೆಯುತ್ತೆ?" ಎನ್ನುವುದು ಅವರ ವಾದ. ಗೆಳತಿಯ ಅಣ್ಣನ ಮದುವೆಗೆ ರಂಗೋಲಿ ಹಾಕಲು ಬೇಗ ಹೋಗಿದ್ದ ನಾನು ಆ ಅರ್ಧ ನಿಮಿಷಕ್ಕೆ ಸಿಕ್ಕಿಬಿದ್ದೆ. ಗಿಟಾರಿನವ ದಾರಿ ತಪ್ಪಿದವನಂತೆ ಮೇಲೆ ಮೇಲೆ ಹತ್ತಿದ. ಇನ್ನಿವನು ಇಳಿಯಲಾರ ಅಂದುಕೊಳ್ಳುವಷ್ಟರಲ್ಲಿ ಸರಿಯಾಗಿ ತಾಳದ ಮೇಲೆ ಬಂದು ನಿಂತ. ನನ್ನ ಕೈಯ ರಂಗೋಲಿ ಪುಡಿ ಒಂದೇ ಕಡೆ ಗುಡ್ಡೆಯಾಯಿತು.

"ಪೂರ್ತಿ ಹಾಕಿ ವಾಸಣ್ಣ."

"ಪೂರ್ತಿ ಹಾಕಿದ್ರೆ ನನ್ನ ಕಥೆ ಪೂರ್ತಿಯಾಗುತ್ತೆ ಮಾರಾಯ್ತಿ. ಅಂಗಡಿಗೆ ಬಾ."

ಹೋದೆ. ಆಮೇಲೆ ಕಾಲೇಜಿನಿಂದ ಬರುವಾಗಲೆಲ್ಲ ಹೋದೆ. ಭಜನೆ ಕ್ಲಾಸಿನಲ್ಲಿ ಬೆಳೆದ ಹುಡುಗಿಗೆ ಇದೆಂಥ ಹುಚ್ಚು ಎಂದು ನೀವು ಕೇಳಬಹುದು. ನನಗೂ ಗೊತ್ತಿಲ್ಲ. ಐವತ್ತು ದಾಟಿದ ಮೈಕಿನವರು, ಇಪ್ಪತ್ತು ತುಂಬದ ನಾನು, ಒಂದಕ್ಷರ ಅರ್ಥವಾಗದ ಹಾಡಿಗೆ ತಲೆದೂಗುತ್ತಿದ್ದೆವು. "ಯಾರಿರ್ಬಹುದೇ ಇವ್ರು? ಹೆಸ್ರೆಂತ ಇವ್ರದ್ದು?" ಎಂದು ವಾಸಣ್ಣ ಪ್ರತಿ ಸಲವೂ ಕೇಳುತ್ತಿದ್ದರು. ಚೀಟಿಯ ಅಕ್ಷರಗಳನ್ನು ನಾನು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಚಿತ್ರದಂತೆ ಬರೆದುಕೊಂಡೆ. "ಹೇಗಾದ್ರೂ ಪತ್ತೆ ಮಾಡ್ತೀನಿ ವಾಸಣ್ಣ" ಎಂದು ಜಂಬವನ್ನೂ ಕೊಚ್ಚಿದೆ.

ಅಕ್ಕನ ಮದುವೆಯ ಹಿಂದಿನ ವಾರ ಆ ಕ್ಯಾಸೆಟ್ಟನ್ನು ಮನೆಗೆ ಎರವಲು ತಂದೆ. ಅಮ್ಮನಿಗೆ ಅನುಮಾನ ಬಾರದಿರಲೆಂದು ನಾದಸ್ವರದ ಕ್ಯಾಸೆಟ್ಟನ್ನೂ ಅದರ ಡಬ್ಬಿಯ ಸಮೇತ ಕೇಳಿ ತಂದಿದ್ದೆ. ದೇವರ ಪಟವಿದ್ದ ಡಬ್ಬಿಯಲ್ಲಿ ಜಪಾನಿನವರನ್ನು ಕೂರಿಸಿ, ನಾದಸ್ವರವನ್ನು ಕರ್ಚೀಫಿನಲ್ಲಿ ಸುತ್ತಿ ಟ್ರಂಕಿಗೆ ಹಾಕಿದೆ. ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡೆ.

ಮದುವೆಯ ಬೆಳಿಗ್ಗೆ ಬಾಳೆಹೊನ್ನೂರಿನಿಂದ ಬರಬೇಕಿದ್ದ ವಾದ್ಯದವರ ಜೀಪು ದಾರಿಯಲ್ಲಿ ಕೆಟ್ಟು ನಿಂತಿತು. ಮುಹೂರ್ತಕ್ಕೆ ಕ್ಯಾಸೆಟ್ಟೇ ಗತಿ. ಮೈಕಿಗೆ ಬಂದಿದ್ದ ವಾಸಣ್ಣ ನಾದಸ್ವರದ ಕ್ಯಾಸೆಟ್ಟು ಬೇಕೆಂದು ಹೇಳಿಕಳಿಸಿದರು. ನಾನು ಓಡಿಹೋಗಿ ಡಬ್ಬಿ ತಂದುಕೊಟ್ಟೆ.

"ಒಳಗೆ ನೋಡಿ ತಂದ್ಯಲ್ಲ ಕೂಸೇ?"

"ನೋಡಿದೀನಿ ವಾಸಣ್ಣ" ಎಂದೆ. ನೋಡಿರಲಿಲ್ಲ. ಜಡೆಗೆ ಹೂ ಮುಡಿಯುವ ಅವಸರದಲ್ಲಿದ್ದೆ. ನನ್ನ ಮಾತು ನಂಬಿ, ಮಂಟಪದ ಕಡೆ ಕಣ್ಣಿಟ್ಟುಕೊಂಡೇ ಅವರು ಅದನ್ನು ಡೆಕ್ಕಿಗೆ ಹಾಕಿದರು.

ಭಟ್ಟರು ಕೈಯೆತ್ತಿ "ಗಟ್ಟಿಮೇಳ! ಗಟ್ಟಿಮೇಳ!" ಎಂದರು. ಭಾವ ತಾಳಿ ಹಿಡಿದು ಬಗ್ಗಿದರು. ನಾಲ್ಕೂ ಹಾರ್ನಿನಿಂದ ಜಪಾನಿನವ ಕಿರುಚಿದ.

ವಾಸಣ್ಣ ಎರಡು ಕ್ಷಣದಲ್ಲಿ ಟೇಪು ನಿಲ್ಲಿಸಿದರು. ಅಷ್ಟರಲ್ಲಿ ಆಗಬೇಕಾದ್ದೆಲ್ಲ ಆಗಿತ್ತು. ಮಗುವೊಂದು ಅಳತೊಡಗಿತ್ತು, ಗಂಡಿನ ಕಡೆಯ ಅಜ್ಜಿ "ಅಪಶಕುನ" ಎಂದಿದ್ದರು. ತಾಳಿ ಕಟ್ಟಿ ಮುಗಿಯುತ್ತಲೇ ನಮ್ಮ ದೊಡ್ಡಪ್ಪ ಮೈಕಿನ ಮೇಜಿಗೆ ನುಗ್ಗಿದರು. "ಕುಡ್ಕೊಂಡು ಬಂದಿದೀಯೇನೋ?"

ವಾಸಣ್ಣ ಡಬ್ಬಿಯನ್ನು ನೋಡಿದರು. ತಲೆಯೆತ್ತಿ ನನ್ನನ್ನು ನೋಡಿದರು. ಒಂದೇ ಸಲ. ಆಮೇಲೆ, "ನಂದೇ ಕೈತಪ್ಪು" ಎಂದರು.

ನಾನೆಲ್ಲಿದ್ದೆ ಅಂತೀರಾ? ಮೂರೇ ಮಾರು ದೂರದಲ್ಲಿ, ಮುಷ್ಟಿಯಲ್ಲಿ ಅಕ್ಷತೆ ಹಿಡಿದುಕೊಂಡು. ದೊಡ್ಡಪ್ಪ ಕ್ಯಾಸೆಟ್ಟಿನ ಕರುಳು ಕಿತ್ತು ಅಡುಗೆಯವರ ಒಲೆಗೆ ಹಾಕುವುದನ್ನೂ ನೋಡಿದೆ. ಊಟಕ್ಕೆ ಕೂತೆ, ಹೋಳಿಗೆಯನ್ನು ಎರಡನೇ ಸಲ ಹಾಕಿಸಿಕೊಂಡೆ. ನನ್ನ ಬಾಯಿ ಅವತ್ತು ಅದೊಂದಕ್ಕೇ ತೆರೆದದ್ದು.

ಆ ಮದುವೆ ಹಾಲಿನವರು ವಾಸಣ್ಣನವರನ್ನು ಮತ್ತೆ ಕರೆಯಲಿಲ್ಲ. ಒಂದು ಹಾಲಿನವರು ಬಿಟ್ಟವರನ್ನು ಉಳಿದ ಹಾಲಿನವರೂ ಬಿಟ್ಟರು. ಮುಂದಿನ ವರ್ಷ ಅವರು ಅಂಗಡಿ ಮುಚ್ಚಿ ಎನ್.ಆರ್. ಪುರಕ್ಕೆ ಹೋದರು. ಅವರಿದ್ದಷ್ಟು ದಿನವೂ ನಾನು ಅಂಗಡಿಯ ಮುಂದೆ ಹಾಯದೆ ಬಳಸುದಾರಿಯಲ್ಲಿ ಕಾಲೇಜಿಗೆ ಹೋದೆ.

ಹೆಚ್ಚು ನಾಚಿಕೆಯ ಮಾತು ಇನ್ನು ಮುಂದಿದೆ. ಶೃಂಗೇರಿಯಲ್ಲಿ ಕೆಲಸಕ್ಕೆ ಸೇರಿದ ಮೇಲೆ, ಅಲ್ಲಿನ ಸೈಬರ್ ಸೆಂಟರಿನಲ್ಲಿ ನೋಟ್‌ಬುಕ್ಕಿನ ಹಾಳೆಯನ್ನು ಸ್ಕ್ಯಾನ್ ಮಾಡಿಸಿ, ರಾಕ್ ಸಂಗೀತದ ಹುಚ್ಚರು ಸೇರುವ ವೆಬ್‌ಸೈಟಿಗೆ ಹಾಕಿದೆ. ಎಲ್ಲಿಯವರೋ ಒಬ್ಬರು ಎರಡೇ ದಿನದಲ್ಲಿ ಉತ್ತರ ಬರೆದರು. ತಂಡದ ಹೆಸರು, ಹಾಡಿದವನ ಹೆಸರು, ಅದೇ ಕಾಲದ ಇನ್ನೂ ಏಳೆಂಟು ಜಪಾನೀ ತಂಡಗಳ ಪಟ್ಟಿ. ಒಂದೊಂದು ಹಾಡು ಇಳಿಯುವುದಕ್ಕೆ ಅರ್ಧ ಗಂಟೆ. ಕಾದು ಕೂತು ಎಲ್ಲವನ್ನೂ ಕೇಳಿದೆ. ಪ್ರತಿ ಹಾಡಿಗೂ 'ಇದನ್ನು ವಾಸಣ್ಣ ಕೇಳಬೇಕಿತ್ತು' ಅನ್ನಿಸುತ್ತಿತ್ತು. ಎನ್.ಆರ್. ಪುರಕ್ಕೆ ಎಷ್ಟು ದೂರ ಹೇಳಿ! ಬೆಳಿಗ್ಗೆ ಹೋದರೆ ಮಧ್ಯಾಹ್ನದ ಊಟಕ್ಕೆ ವಾಪಸು. ನಾನು ಹೋಗಲಿಲ್ಲ.

ಮನೆಯಲ್ಲಿ ಮಾತ್ರ ಆ ಕಥೆ ಬೆಳೆಯಿತು. ಕುಡಿದು ಬಂದಿದ್ದೀಯಾ ಎಂಬ ದೊಡ್ಡಪ್ಪನ ಪ್ರಶ್ನೆ ಬರಬರುತ್ತಾ ಸಾಕ್ಷಿಯೇ ಆಯಿತು. ಹೋದ ತಿಂಗಳು ಅಕ್ಕನ ಮಗಳು "ಕುಡುಕ ಮೈಕಿನವ" ತೂರಾಡುವುದನ್ನು ಅಭಿನಯಿಸಿ ತೋರಿಸಿದಳು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಕಾಫಿಗಿಂತ ಬಲವಾದದ್ದನ್ನು ಕುಡಿಯದ ಮನುಷ್ಯ ಅವರು.

ಆದ್ದರಿಂದ ಮೊನ್ನೆ ಕರ್ಚೀಫಿನ ಗಂಟು ಕೈಗೆ ಸಿಕ್ಕಾಗ ಸೀರೆಯನ್ನು ಅಲ್ಲೇ ಬಿಟ್ಟು ಎನ್.ಆರ್. ಪುರದ ಬಸ್ಸು ಹತ್ತಿದೆ.

ವಾಸಣ್ಣ ಈಗ ಮಿಕ್ಸಿ ರಿಪೇರಿ ಮಾಡುತ್ತಾರೆ. ಕನ್ನಡಕ ದಪ್ಪವಾಗಿದೆ. ಕ್ಯಾಸೆಟ್ಟನ್ನು ಮೇಜಿನ ಮೇಲಿಟ್ಟೆ. ತಿರುಗಿಸಿ ನೋಡಿ "ನಾದಸ್ವರ" ಎಂದರು.

"ಅವತ್ತು ನಾನು ನೋಡ್ದೇ ತಂದುಕೊಟ್ಟಿದ್ದು ವಾಸಣ್ಣ. ಆಮೇಲೆ ಬಾಯಿ ಬಿಡ್ಲಿಲ್ಲ. ತಪ್ಪಾಯ್ತು."

"ಅವತ್ತೇ ಗೊತ್ತಾಯ್ತಲ್ಲೇ." ಸ್ಕ್ರೂ ಒಂದನ್ನು ಬಿಚ್ಚಿ ಬಟ್ಟಲಿಗೆ ಹಾಕಿದರು. "ಟೇಪು ಹೋಯ್ತು ಅಂತ ಬೇಜಾರಿರ್ಲಿಲ್ಲ. ಮಾರನೇ ದಿನ ಬರ್ತೀಯ ಅಂತ ಕಾದೆ. ನೀ ಬರ್ಲಿಲ್ಲ."

ಅವರು 'ಪರವಾಗಿಲ್ಲ' ಎನ್ನುತ್ತಾರೆಂದುಕೊಂಡು, ಅದಕ್ಕೇನು ಹೇಳುವುದೆಂದು ಬಸ್ಸಿನಲ್ಲಿ ಯೋಚಿಸಿಕೊಂಡು ಬಂದಿದ್ದೆ. ಅವರು ಹಾಗೆನ್ನಲಿಲ್ಲ.

"ಅಲ್ಲ, ಅವ್ರು ಯಾರೂಂತ ಗೊತ್ತಾಯ್ತಾ ಕಡೆಗೆ?"

"ಗೊತ್ತಾಯ್ತು."

"ಯಾವಾಗ?"

"ಹದಿನೆಂಟು ವರ್ಷ ಆಯ್ತು."

ವಾಸಣ್ಣ ಸ್ಕ್ರೂಡ್ರೈವರ್ ಕೆಳಗಿಟ್ಟರು. "ಹೇಳು" ಎಂದರು. ಹೇಳಿದೆ. ಅವರು ಆ ಹೆಸರನ್ನು ಒಮ್ಮೆ ತಪ್ಪಾಗಿ, ಇನ್ನೊಮ್ಮೆ ಸರಿಯಾಗಿ ಹೇಳಿಕೊಂಡು ಬಿಲ್ ಪುಸ್ತಕವನ್ನು ನನ್ನ ಮುಂದೆ ನೂಕಿದರು. "ಕನ್ನಡದಲ್ಲಿ ಬರ್ಕೊಡು." ಬರೆದುಕೊಟ್ಟೆ. ಉಳಿದ ಏಳೆಂಟು ತಂಡಗಳದ್ದನ್ನೂ ಬರೆದೆ.

ಬಸ್‌ಸ್ಟ್ಯಾಂಡಿಗೆ ಬಂದವಳೇ ಅಕ್ಕನಿಗೆ ಫೋನು ಮಾಡಿದೆ. "ಅಕ್ಕ, ನಿನ್ನ ಮದ್ವೆ ದಿನ ವಾಸಣ್ಣ ಕುಡಿದಿರ್ಲಿಲ್ಲ."

"ಯಾವ ವಾಸಣ್ಣ?" ಎಂದಳು ಅಕ್ಕ.

"ಕೂತ್ಕೋ. ಹೇಳ್ತೀನಿ" ಎಂದೆ.