ಸುಮ್ಮನಿದ್ದಾಗ ಆಡುವ ಬಾಯಿ

ನೀವು ಯಾವತ್ತಾದರೂ ನಿಮ್ಮ ಬೀಗಿತ್ತಿಗೆ ನಾಲಿಗೆ ಚಾಚಿ ತೋರಿಸಿದ್ದೀರಾ? ಮನಸ್ಸಿನಲ್ಲಿ ತೋರಿಸಿದ್ದು ಲೆಕ್ಕಕ್ಕಿಲ್ಲ, ಎದುರಿಗೇ ಆಗಬೇಕು. ನಾನು ತೋರಿಸಿದೆ. ಅದೂ ಅವರು ನಮ್ಮ ಮನೆಗೆ ಬಂದು ಕಾಫಿ ಕುಡಿಯುವಾಗ.

ನನಗೆ ಗೊತ್ತೇ ಇರಲಿಲ್ಲ.

ಬಸವೇಶ್ವರನಗರದ ಮನೆಯಲ್ಲಿ ನಾವು ಮೂರೇ ಜನ. ಮಗ ರವಿ, ಸೊಸೆ ಸುಧಾ, ನಾನು. ಸುಧಾಳ ತಾಯಿ ಸಾವಿತ್ರಮ್ಮ ಕೆಂಗೇರಿಯಲ್ಲಿದ್ದಾರೆ. ಅವರು ಕಾಫಿಯನ್ನು ತುಟಿ ಚೂಪು ಮಾಡಿ ಊದುತ್ತಾರೆ, ಆರಿದ ಮೇಲೂ ಊದುತ್ತಾರೆ. ಅವರಿಲ್ಲದಾಗ ಅದನ್ನು ಅಣಕಿಸಿ ಎಷ್ಟೋ ಸಲ ನಗಿಸಿದ್ದೇನೆ. ಸುಧಾಳೂ ನಕ್ಕಿದ್ದಾಳೆ. ಆ ದಿನ ಅವರು ಏನೋ ಹೇಳುತ್ತಿದ್ದರು, ನಾನು ಸುಮ್ಮನೆ ಕೇಳುತ್ತಿದ್ದೆ. ನನ್ನ ತುಟಿ ಚೂಪಾಯಿತಂತೆ. ಆಮೇಲೆ ನಾಲಿಗೆ ಹೊರಗೆ ಬಂದು ಒಳಗೆ ಹೋಯಿತಂತೆ. ಸಾವಿತ್ರಮ್ಮ ಲೋಟ ಕೆಳಗಿಟ್ಟು ಎದ್ದುಬಿಟ್ಟರು.

"ಏನತ್ತೆ ಇದು, ಎದುರಿಗೇನಾ?" ಎಂದಳು ಸುಧಾ.

"ನಾನೇನೇ ಮಾಡ್ದೆ?"

"ಹೂಂ. ನೀವೇನೂ ಮಾಡಿಲ್ಲ ಬಿಡಿ."

ಅಂದಿನಿಂದ ನಮ್ಮಿಬ್ಬರ ನಡುವೆ ಉಳಿದದ್ದು ಎರಡೇ ಮಾತು. ಊಟಕ್ಕೆ ಬನ್ನಿ. ಮಾತ್ರೆ ತಗೊಳ್ಳಿ.

ತಲೆ ಬಾಚಿಕೊಳ್ಳುವಾಗ ಕನ್ನಡಿಯಲ್ಲಿ ಕಂಡಿತು. ಬಾಯಿ ಏನನ್ನೋ ಅಗಿಯುತ್ತಿತ್ತು, ಒಳಗೆ ಏನೂ ಇರಲಿಲ್ಲ. ನಿಲ್ಲು ಎಂದುಕೊಂಡೆ, ನಿಂತಿತು. ಬಾಚಣಿಗೆ ಎತ್ತಿದೆ, ಮತ್ತೆ ಶುರುವಾಯಿತು.

ಆಮೇಲೆ ಕೂತರೂ ಸಮಾಧಾನವಿಲ್ಲ, ಎದ್ದರೂ ಇಲ್ಲ. ಬಾಯಿಗೆ ಲವಂಗ ಹಾಕಿಕೊಂಡೆ, ಅಗಿಯುವುದಕ್ಕೆ ಒಂದು ನೆಪವಾಗಲಿ ಎಂದು. ಸೆರಗು ಅಡ್ಡ ಹಿಡಿದೆ. ಪಾರ್ಕಿಗೆ ಹೋಗುವುದನ್ನು ಬಿಟ್ಟೆ. ಬೇರೆ ಯಾವ ಮುದುಕಿಯ ಬಾಯಿ ಹೀಗೆ ಆಡಿದ್ದರೂ ಅಯ್ಯೋ ಪಾಪ ಎನ್ನುತ್ತಿದ್ದರು. ನನ್ನದು ಊರನ್ನೆಲ್ಲ ಅಣಕಿಸಿ ಹೆಸರು ಮಾಡಿದ ಬಾಯಿ, ಕಾಯಿಲೆ ಬಿದ್ದಾಗಲೂ ನಾಟಕ ಎನ್ನಿಸಿಕೊಂಡಿತು.

ಹಲ್ಲಿನ ಡಾಕ್ಟರು ಕಟ್ಟಿಸಿದ ಹಲ್ಲಿನ ಸೆಟ್ ಸಡಿಲವಾಗಿದೆ ಎಂದು ಸರಿ ಮಾಡಿಕೊಟ್ಟರು. ಬಾಯಿ ಇನ್ನೂ ಆರಾಮಾಗಿ ಅಗಿಯಿತು. ನಮ್ಮ ರಸ್ತೆಯ ಡಾಕ್ಟರು "ವಯಸ್ಸಾಯ್ತಲ್ಲಮ್ಮ" ಎಂದು ವಿಟಮಿನ್ ಇಂಜೆಕ್ಷನ್ ಚುಚ್ಚಿದರು. ರಾಜಾಜಿನಗರದ ದೊಡ್ಡ ಆಸ್ಪತ್ರೆಯಲ್ಲಿ ಎಂಆರ್‌ಐ ಆಯಿತು. ಅಲ್ಲಿನ ಡಾಕ್ಟರಿಗೆ ನಾನು ಮೊದಲಿಂದ ಕೊನೆಯವರೆಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವರು ನನ್ನ ಬಾಯನ್ನೇ ನೋಡುತ್ತಿದ್ದರು. ದರಿದ್ರದ್ದು, ಒಂದು ಸಲವೂ ಆಡಲಿಲ್ಲ. ರವಿಗೆ ಇಂಗ್ಲಿಷಿನಲ್ಲಿ ಮೆಲ್ಲಗೆ ಏನೋ ಹೇಳಿದರು. ಅದರಲ್ಲಿ ಅಟೆನ್ಷನ್ ಎಂಬ ಮಾತು ಕೇಳಿಸಿತು. ಎಲ್ಲರೂ ತನ್ನನ್ನೇ ನೋಡಲಿ ಅಂತ ಮಾಡುತ್ತಾಳೆ ಎಂದು ಅರ್ಥ, ಅಷ್ಟು ನನಗೂ ಗೊತ್ತು.

ರಿಪೋರ್ಟ್ ನಾರ್ಮಲ್.

ಆ ದಿನ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ನಾರ್ಮಲ್ ಆಗಿದ್ದರೆ ನಾನು ಬೇಕೆಂದೇ ಮಾಡಿದ ಹಾಗಾಯಿತಲ್ಲ.

ವಿಜಯನಗರದ ನ್ಯೂರಾಲಜಿಸ್ಟ್ ಹತ್ತಿರ ಹೋಗುವ ದಿನ ರವಿಗೆ ರಜೆ ಸಿಗಲಿಲ್ಲ, ಸುಧಾ ಬಂದಳು. ಡಾಕ್ಟರು ಸಣ್ಣ ವಯಸ್ಸಿನ ಹೆಂಗಸು. ನಾನು ಕಥೆ ಶುರು ಮಾಡಿದೆ. ಸ್ವಲ್ಪ ಹೊತ್ತು ಕೇಳಿ ಕೈ ಎತ್ತಿದರು.

"ಅಜ್ಜಿ, ಈಗ ಮಾತು ಬೇಡ. ಬಾಯಿ ಸ್ವಲ್ಪ ತೆಗೀರಿ. ಹೆಬ್ಬೆರಳಿಗೆ ಒಂದೊಂದೇ ಬೆರಳು ಮುಟ್ಟಿಸ್ತಾ ಹೋಗಿ."

"ಮಾತಾಡ್ದೆ ಕಾಯಿಲೆ ಹೇಗ್ ಹೇಳ್ಲಿ?"

"ಅದೇ ಹೇಳ್ಕೊಳ್ಳುತ್ತೆ. ನೀವು ಸುಮ್ನಿರಿ."

ಬೆರಳು ಮುಟ್ಟಿಸುತ್ತಾ ಹೋದೆ. ಗಮನವೆಲ್ಲ ಬೆರಳ ಮೇಲೆ. ನಾಲಿಗೆ ತನ್ನ ಸವಾರಿ ಹೊರಟಿತು. ಹೊರಗೆ, ಒಳಗೆ, ಪಕ್ಕಕ್ಕೆ. ಸುಧಾ ಕುರ್ಚಿಯ ತುದಿಗೆ ಬಂದಿದ್ದಳು.

"ನೋಡಿ, ಮಾತಾಡುವಾಗ ಇದು ನಿಂತುಬಿಡುತ್ತೆ. ಅದಕ್ಕೇ ಯಾರಿಗೂ ಸಿಕ್ಕಿಲ್ಲ," ಎಂದರು ಡಾಕ್ಟರು. "ಇದು ಬೇಕಂತ ಮಾಡೋದಲ್ಲ. ಏನೇನು ಮಾತ್ರೆ ತಗೋತಿದ್ದಾರೆ?"

ಸುಧಾ ಚೀಲ ಬಿಚ್ಚಿದಳು. ಬಿಪಿ ಮಾತ್ರೆ, ಥೈರಾಯ್ಡ್ ಮಾತ್ರೆ, ಗ್ಯಾಸಿನ ಕ್ಯಾಪ್ಸೂಲ್. ಡಾಕ್ಟರ ಕೈ ಕ್ಯಾಪ್ಸೂಲಿನ ಮೇಲೆ ನಿಂತಿತು. ಹೊಟ್ಟೆ ಉಬ್ಬರಕ್ಕೆಂದು ಹೋದ ವರ್ಷ ಒಂದು ತಿಂಗಳಿಗೆ ಬರೆದುಕೊಟ್ಟದ್ದು. ಹಿತವಾಗಿತ್ತು, ಮೆಡಿಕಲ್ ಶಾಪಿನಿಂದ ತರಿಸಿಕೊಳ್ಳುತ್ತಲೇ ಇದ್ದೆ. ಅದರಲ್ಲಿ ಎರಡು ಔಷಧಿ ಇರುತ್ತವಂತೆ. ಒಂದು ಆಸಿಡ್‌ಗೆ. ಇನ್ನೊಂದು ಮಿದುಳಿನ ಮೇಲೂ ಕೆಲಸ ಮಾಡುತ್ತದಂತೆ. ಬಹಳ ದಿನ ತಗೊಂಡರೆ ವಯಸ್ಸಾದ ಕೆಲವರಿಗೆ ಹೀಗಾಗುತ್ತದಂತೆ. ಹೆಸರು ಟಾರ್ಡಿವ್ ಡಿಸ್ಕೈನೀಷಿಯಾ. ಇದನ್ನು ಟೈಪ್ ಮಾಡುವಷ್ಟರಲ್ಲಿ ನನ್ನ ಕಾಫಿ ಆರಿತು.

"ಇದೊಂದನ್ನ ನಿಲ್ಸಿ. ನಿಧಾನಕ್ಕೆ ಕಡಿಮೆ ಆಗಬಹುದು. ಸ್ವಲ್ಪ ಉಳಿದುಕೊಳ್ಳಲೂಬಹುದು," ಎಂದರು.

ಆಟೋದಲ್ಲಿ ಸುಧಾ ಚೀಲದಿಂದ ಆ ಕ್ಯಾಪ್ಸೂಲ್ ತೆಗೆದು ತಿರುಗಿಸಿ ನೋಡಿದಳು.

"ದಿನಾ ಕೈಗೆ ಕೊಡ್ತಿದ್ದೋಳು ನಾನೇ ಅತ್ತೆ."

"ಕೇಳಿ ಇಸ್ಕೊಂಡು ನುಂಗ್ತಿದ್ದೋಳು ನಾನು ಕಣೇ."

ಅವಳು ನನ್ನ ಕೈ ಹಿಡಿದುಕೊಂಡೇ ತಾಯಿಗೆ ಫೋನ್ ಮಾಡಿದಳು. "ಅಮ್ಮಾ, ಅತ್ತೆ ಅವತ್ತು ಅಣಕಿಸಿದ್ದಲ್ಲ ಕಣಮ್ಮಾ."

ಕ್ಯಾಪ್ಸೂಲ್ ಬಿಟ್ಟು ಕೆಲವು ತಿಂಗಳಾಗಿದೆ. ನಾಲಿಗೆ ಹೊರಗೆ ಬರುವುದು ಕಡಿಮೆಯಾಗಿದೆ. ತುಟಿ ಇನ್ನೂ ಆಡುತ್ತದೆ. ಇದನ್ನು ಬರೆಯುವಾಗ ಸುಮ್ಮನಿದ್ದೇನಲ್ಲ, ಈಗಲೂ ಆಡುತ್ತಿದೆ. ಪೂರ್ತಿ ಹೋಗದಿದ್ದರೆ ಹೋಗದಿರಲಿ. ಪಾರ್ಕಿಗೆ ಮತ್ತೆ ಹೋಗುತ್ತಿದ್ದೇನೆ.

ಮೊನ್ನೆ ಸಾವಿತ್ರಮ್ಮ ಬಂದಿದ್ದರು. ಅದೇ ಜಾಗ, ಅದೇ ಊದುವುದು. ನನಗೆ ತಡೆಯಲಾಗಲಿಲ್ಲ.

"ಇನ್ಮೇಲೆ ನಾನು ನಿಜವಾಗ್ಲೂ ಅಣಕಿಸಿದ್ರೂ ನಿಮಗ್ಯಾರಿಗೂ ಗೊತ್ತಾಗಲ್ಲ ಬಿಡಿ," ಎಂದೆ.

ಸುಧಾ ಅಡುಗೆಮನೆಯಿಂದಲೇ ಹೇಳಿದಳು, "ಗೊತ್ತಾಗುತ್ತೆ ಅತ್ತೆ. ಕಾಯಿಲೆಗೆ ನಿಮ್ಮಷ್ಟು ಚೆನ್ನಾಗಿ ಅಣಕಿಸೋಕೆ ಬರಲ್ಲ."