ಕಡೆಯ ನುಡಿಯ ಖಾಲಿ ಜಾಗ

ಶ್ರಾವಣದ ಸೋಮವಾರ, ಬೆಳಗಿನ ಆರೂವರೆ, ಬನಹಟ್ಟಿಯ ಬಸ್ ನಿಲ್ದಾಣ. ಮೈಸೂರು ರಾಜ್ಯವೆಂಬ ಹೆಸರು ಹೋಗಿ ಕರ್ನಾಟಕವೆಂದಾದ ಮರುವರ್ಷ. ಹಾಜರಿದ್ದವರು ನಾಲ್ವರು: ಒಂಟಿ ತಂತಿಯ ತುಂತುಣಿ ಹಿಡಿದ ಸೋದರಮಾವ, ತಾಳದ ಗಂಟನ್ನು ಕಂಕುಳಲ್ಲಿಟ್ಟ ಅಕ್ಕ, ಚರ್ಮದ ದಪ್ಪು ವಾದ್ಯವನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಕೊಂಡ ನಾನು, ಮತ್ತು ತೇರದಾಳದ ಮೊದಲ ಬಸ್ಸಿಗೆ ಬಂದು ನಮಗಿಂತ ಮುಂಚೆಯೇ ಕಲ್ಲುಬೆಂಚಿನ ಮೇಲೆ ಕುಳಿತಿದ್ದ ನಮ್ಮ ಹಾಡಿನ ಮಾಸ್ತರರು.

"ಎಷ್ಟಾತು?" ಎಂದರು ಮಾಸ್ತರರು.

"ಆರೂವರಿ ರೀ," ಎಂದೆ.

"ಆರೂ ಕಾಲಕ್ಕ ಬರ್ತೇನಿ ಅಂದಿದ್ದಿ."

"ಅಕ್ಕ ಹೆರಳ ಹಾಕ್ಕೋತ ಕುಂತ್ಲರಿ."

"ಸುಳ್ಳ ಹೇಳತಾಳ್ರೀ," ಎಂದಳು ಅಕ್ಕ. "ಈಕೀನ ವಹಿ ತಗೊಂಡು ಗ್ವಾಡಿ ನೋಡ್ಕೋತ ನಿಂತಿದ್ಲು. ಕರದ್ರ ಕೇಳಸೂದಿಲ್ಲ."

ಅಕ್ಕ ಹೇಳಿದ್ದು ನಿಜ. ನನ್ನ ವಹಿಯ ಕಡೆಯ ಪುಟದಲ್ಲಿ ಒಂದು ಹೊಸ ಹಾಡಿತ್ತು. ಆ ಹಾಡಿನ ಕಡೆಯ ನುಡಿಯಲ್ಲಿ, ಅಂದರೆ ಕೊನೆಯ ಚರಣದಲ್ಲಿ, ಒಂದು ಜಾಗ ಖಾಲಿ ಇತ್ತು. ಅಲ್ಲಿ ಏನು ಬರೆಯಬೇಕೆಂದು ತಿಳಿಯದೆ, ಒಂದು ಗೆರೆ ಎಳೆದು ಬಿಟ್ಟಿದ್ದೆ.

ಆ ಗೆರೆಯ ವಿಷಯ ಮೊದಲು ಹೇಳಬೇಕು. ನಮ್ಮದು ಗೀಗೀ ಪದದ ಮೇಳ. ಹಾಡಿಗೆ ಎರಡು ಪಕ್ಷ. ಗಂಡು ಹೆಚ್ಚು ಎನ್ನುವವರು ಹರದೇಶಿ, ಹೆಣ್ಣು ಹೆಚ್ಚು ಎನ್ನುವವರು ನಾಗೇಶಿ. ಒಬ್ಬರು ಹಾಡಿನಲ್ಲೇ ಪ್ರಶ್ನೆ ಎಸೆಯಬೇಕು, ಇನ್ನೊಬ್ಬರು ಹಾಡಿನಲ್ಲೇ ಉತ್ತರ ಕೊಡಬೇಕು. ನಾಗೇಶಿ ಹಾಡುವವರು ಹೆಣ್ಣುಮಕ್ಕಳೇ. ಆದರೆ ಆ ಕಾಲಕ್ಕೆ ನಮ್ಮ ಕಡೆ ನಾಗೇಶಿ ಹಾಡು ಬರೆಯುತ್ತಿದ್ದವರು ಗಂಡಸರು. ಬರೆದವರ ಊರಿನ ಹೆಸರು ಕಡೆಯ ನುಡಿಯಲ್ಲಿ ಬರಲೇಬೇಕು. ಅದು ಹಾಡಿನ ಸಹಿ. ಶಿಷ್ಯರು ಬರೆದರೂ ಗುರುವಿನ ಊರನ್ನೇ ಹಾಕಬೇಕು, ಅದೂ ಗುರು ಕೇಳಿ, ತಿದ್ದಿ, ಆಗಲಿ ಎಂದ ಮೇಲೆ. ನಿನ್ನ ಊರನ್ನು ಹಾಕಿಕೋ ಎಂದು ಗುರು ಬಾಯಿಬಿಟ್ಟು ಹೇಳಿದ ದಿನವೇ ಒಬ್ಬರು ಕವಿ ಆಗುವುದು. ಅಲ್ಲಿಯವರೆಗೆ ಹಾಡುವವರು ಮಾತ್ರ.

ನಾನು ಆರು ವರ್ಷದಿಂದ ಹಾಡುವವಳಾಗಿದ್ದೆ. ಹುಟ್ಟಿದ್ದು ಹುನ್ನೂರಿನಲ್ಲಿ. ಹತ್ತು ವರ್ಷದವಳಿದ್ದಾಗ ಅವ್ವ ನನ್ನನ್ನೂ ಅಕ್ಕನನ್ನೂ ಬನಹಟ್ಟಿಗೆ, ಮಾವನ ಮನೆಗೆ ಕಳಿಸಿದಳು. ಮಾವ ನೇಕಾರ. ಅವನು ಮಗ್ಗಕ್ಕೆ ಕೂತರೆ ನಾನು ರಾಟಿಗೆ ಕೂರುತ್ತಿದ್ದೆ; ಲಾಳಿಯೊಳಗೆ ಇಡುವ ಕಂಡಿಕೆಗಳಿಗೆ ನೂಲು ಸುತ್ತುವುದು ನನ್ನ ಕೆಲಸ. ಬೆಳಿಗ್ಗೆ ಹನ್ನೆರಡು, ಸಂಜೆ ಹನ್ನೆರಡು. ರಾಟಿಯ ಗುಂಯ್ ಎನ್ನುವ ಸದ್ದಿನೊಳಗೆ ಒಂದು ದಾಟಿ ತಾನಾಗಿಯೇ ಎದ್ದು ಬರುತ್ತಿತ್ತು. ಬಣ್ಣದ ನೂಲು ಕೈಬೆರಳ ನಡುವೆ ಹರಿದುಹೋಗುವಾಗ, ಯಾರೋ ದೂರದಿಂದ ನನ್ನ ದನಿಯಲ್ಲೇ ಮಾತಾಡುತ್ತಿದ್ದಾರೆ ಅನ್ನಿಸುತ್ತಿತ್ತು. ಕೈ ನಿಂತರೆ ಆ ದನಿಯೂ ನಿಲ್ಲುತ್ತಿತ್ತು. ಹಾಗಾಗಿ ನಾನು ಕೈ ನಿಲ್ಲಿಸುತ್ತಿರಲಿಲ್ಲ. ಮಾವನಿಗೆ ನಾನು ಬಹಳ ಕೆಲಸದವಳಾಗಿ ಕಂಡಿದ್ದು ಹೀಗೆ.

ಮಾಸ್ತರರದು ತೇರದಾಳದಲ್ಲಿ ಹೊಲಿಗೆಯ ಅಂಗಡಿ. ವಾರಕ್ಕೆ ಎರಡು ದಿನ ಅಕ್ಕನೂ ನಾನೂ ಮೊದಲ ಬಸ್ಸಿಗೆ ಹೋಗಿ, ಅಂಗಡಿಯ ಕಸ ಗುಡಿಸಿ, ನೀರು ಚಿಮುಕಿಸಿ, ಗೋಡೆಗೆ ಬೆನ್ನು ತಾಗಿಸದೆ ಕೂರಬೇಕು. ಹಿಂದಿನ ಪಾಠ ಒಪ್ಪಿಸುವವರೆಗೆ ಚಹಾ ಇಲ್ಲ. ಹೊಸ ಹಾಡನ್ನು ಅವರು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಕತ್ತರಿಸುವ ಹಲಗೆಯ ಮೇಲೆಯೇ ಬರೆಯುತ್ತಿದ್ದರು. ಎಂಟು ಗಂಟೆಗೆ ಮೊದಲ ಗಿರಾಕಿ ಬರುವ ಹೊತ್ತಿಗೆ ಅದನ್ನು ಒರೆಸಿಬಿಡುತ್ತಿದ್ದರು. ಅಷ್ಟರಲ್ಲಿ ನಮ್ಮ ಬಾಯಿಗೆ ಬಂದಿರಬೇಕು. ಬರದಿದ್ದರೆ ಮುಂದಿನ ವಾರ.

"ಇನ್ನೊಮ್ಮೆ ಬರೀರಿ," ಎಂದು ಅಕ್ಕ ಒಮ್ಮೆ ಕೇಳಿದ್ದಳು.

"ಅರಿವಿ ಕತ್ತರಿಸಿದ ಮ್ಯಾಲೆ ಇನ್ನೊಮ್ಮೆ ಕತ್ತರಿಸಾಕ ಬರತೈತೇನ?" ಎಂದು ಮಾಸ್ತರರು ಸೂಜಿಗೆ ದಾರ ಪೋಣಿಸತೊಡಗಿದ್ದರು.

ಅವರು ಹಾಡು ಕೊಡುತ್ತಿದ್ದುದು ಮೂರು ಮೇಳಗಳಿಗೆ. ಅದೇ ನಮ್ಮ ತೊಂದರೆ. ಒಂದೇ ಹಾಡನ್ನು ಮೂರು ಮೇಳದವರು ಹಾಡುವಾಗ ಊರವರು ಹತ್ತಿರದ ಮೇಳವನ್ನು ಕರೆಯುತ್ತಿದ್ದರು. ನಮಗೆ ವರ್ಷಕ್ಕೆ ಐದಾರು ಕರೆ. ಆ ವರ್ಷ ಮಾವ ಸ್ಪಷ್ಟವಾಗಿ ಹೇಳಿದ್ದ: "ಈ ಶ್ರಾವಣ ನೋಡೂಣು. ಮೇಳಕ್ಕ ತನ್ನದ ಅನ್ನೂ ಹೆಸರ ಬರದಿದ್ರ ತುಂತುಣಿ ಗೂಟಕ್ಕ ಹಾಕ್ತೇನಿ. ನೀನೂ ರಾಟಿ ಹಿಡಕೊಂಡ ಕುಂದ್ರು." ಮಾವ ಸಿಟ್ಟಿನಿಂದ ಹೇಳಿರಲಿಲ್ಲ. ಹಾಡಲು ಹೋದ ದಿನ ಮಗ್ಗ ನಿಲ್ಲುತ್ತಿತ್ತು.

ಆದ್ದರಿಂದ ನಾನು ಒಂದು ಹಾಡು ಬರೆದಿದ್ದೆ. ಬನಹಟ್ಟಿಯ ಮೇಳ ಎಂದರೆ ಸಾಕು, ಹರದೇಶಿಯವರು ನೇಯ್ಗೆಯ ಪ್ರಶ್ನೆಯನ್ನೇ ಹಾಕುತ್ತಿದ್ದರು. ಮಗ್ಗಕ್ಕೆ ಉದ್ದ ಕಟ್ಟಿದ ಹಾಸು ಗಂಡು, ಅಡ್ಡ ಓಡುವ ಹೊಕ್ಕು ಹೆಣ್ಣು. ಹಾಸೇ ಇಲ್ಲದಿದ್ದರೆ ಹೊಕ್ಕು ಎಲ್ಲಿ ಹೋದೀತು ಎಂದು. ಮಾಸ್ತರರ ವಹಿಯಲ್ಲಿ ಅದಕ್ಕೆ ಮಳೆ ಮತ್ತು ಭೂಮಿಯ ಉತ್ತರವಿತ್ತು. ಜನ ಅದನ್ನು ಕೇಳಿ ಸುಮ್ಮನಿರುತ್ತಿದ್ದರು, ಚಪ್ಪಾಳೆ ಬರುತ್ತಿರಲಿಲ್ಲ. ಮಾಸ್ತರರು ಸೂಜಿಯವರು, ಲಾಳಿಯವರಲ್ಲ. ನನ್ನ ಉತ್ತರ ರಾಟಿಯ ಮುಂದೆ ಹುಟ್ಟಿದ್ದು. ಅದನ್ನು ಮಾಸ್ತರರಿಗೆ ಕೇಳಿಸಿ, ಕಡೆಯ ನುಡಿಗೆ ನನ್ನ ಊರು ಹಾಕಿಕೊಳ್ಳಲೇ ಎಂದು ಕೇಳಬೇಕು. ನಾಲ್ಕು ವಾರದಿಂದ ಕೇಳಬೇಕೆಂದುಕೊಂಡು ಹೋಗಿ, ಅಂಗಡಿಯ ಕಸ ಗುಡಿಸಿ ಬಂದಿದ್ದೆ. ಬಸ್ಸಿನಲ್ಲಿ ಕೇಳೋಣವೆಂದು ನಿಶ್ಚಯಿಸಿದೆ.

ಜಮಖಂಡಿಯಲ್ಲಿ ಬಸ್ಸು ಬದಲಿಸಿದೆವು. ಬೀಳಗಿಯ ಬಸ್ಸಿನಲ್ಲಿ ಮಾಸ್ತರರ ಪಕ್ಕದ ಸೀಟು ಖಾಲಿ ಇತ್ತು. ಅಕ್ಕ ನನ್ನನ್ನು ಮೊಣಕೈಯಿಂದ ತಿವಿದಳು. ಹೋಗಿ ಕೂತೆ. ಹೊರಗೆ ಜೋಳದ ಹೊಲಗಳ ಮೇಲೆ ಮೋಡ ತಗ್ಗಿ ಬಂದಿತ್ತು. ಎಲ್ಲವೂ ನೀರಿನಡಿ ಇರುವಂತೆ ಕಾಣುತ್ತಿತ್ತು. ಒಂದು ಕುರಿಹಿಂಡು ರಸ್ತೆಯನ್ನು ದಾಟುವವರೆಗೆ ಬಸ್ಸು ನಿಂತಿತು. ಕುರಿಗಳು ಒಂದರ ಹಿಂದೆ ಒಂದು ಎಷ್ಟು ಹೊತ್ತು ದಾಟಿದವೋ. ಬಸ್ಸು ನಿಂತಿದೆಯೋ ನಾವೇ ತೇಲಿಹೋಗುತ್ತಿದ್ದೇವೋ ತಿಳಿಯದಾಯಿತು. ಹುನ್ನೂರಿನ ಮಾಳಿಗೆಯ ಮೇಲೆ ಮಲಗಿ, ಕುರಿಗಂಟೆಯ ಸದ್ದು ದೂರವಾಗುವುದನ್ನು ಕೇಳುತ್ತಿದ್ದ ಹುಡುಗಿಯ ಕಣ್ಣಿನಿಂದ ನೋಡುತ್ತಿದ್ದೆ. ಮಾಸ್ತರರು ಏನೋ ಕೇಳಿದರು.

"ಏನ್ರಿ?"

"ದಪ್ಪಿಗೆ ಬಿಸಲ ತೋರಿಸಿ ತಂದೀಯೇನ ಅಂದೆ. ಮಳಿಗಾಲ. ಚರ್ಮ ಸಡಲ ಬೀಳತೈತಿ."

"ತೋರಿಸೇನ್ರಿ," ಎಂದೆ. ಅಷ್ಟೇ ಮಾತು. ಬೀಳಗಿ ಬಂದಿತು.

ಹಾಡಿಕೆ ಇದ್ದದ್ದು ಒಂದು ಮಠದ ಅಂಗಳದಲ್ಲಿ, ಬೇವಿನ ಮರದ ಕೆಳಗೆ. ಹನ್ನೊಂದಕ್ಕೆ ಶುರು. ಎದುರಿಗೆ ಮುಧೋಳ ಕಡೆಯ ಹರದೇಶಿ ಹಾಡುಗಾರ. ಐವತ್ತರ ಮೇಲಿನವನು, ಕುಂಕುಮ ಬಣ್ಣದ ರುಮಾಲು, ಮಾತಿಗೆ ಎಂದೂ ಬರವಿಲ್ಲದವನು.

"ಏನ ತಂಗೆವ್ವಾ," ಎಂದು ಎಲ್ಲರಿಗೂ ಕೇಳುವಂತೆ ಶುರುಮಾಡಿದ. "ನೀ ಇಲ್ಲಿ ಬಂದಿ. ಅಲ್ಲಿ ಮಾವಗ ಕಂಡಿಕಿ ಯಾರ ಸುತ್ತವ್ರು?"

"ಮಾವನೂ ಇಲ್ಲೇ ಬಂದಾನ್ರೀ ಕಾಕಾ," ಎಂದಳು ಅಕ್ಕ. "ನಿಮ್ಮನ್ನ ಸುತ್ತಿ ಒಯ್ಯಾಕ."

ಜನ ನಕ್ಕರು. ಅವನೂ ನಕ್ಕು ದಪ್ಪು ಎತ್ತಿದ. ಮಧ್ಯಾಹ್ನದ ಊಟದವರೆಗೆ ಹಳೆಯ ಹಾಡುಗಳೇ ನಡೆದವು. ಎರಡು ಗಂಟೆಯ ಸುಮಾರಿಗೆ ಅವನು ಹಾಸು–ಹೊಕ್ಕಿನ ಪ್ರಶ್ನೆ ಹಾಕಿದ. ಹಾಕಿ, ಮೀಸೆ ತಿರುವಿ ಕೂತ. ಮಾವ ನನ್ನ ಕಡೆ ನೋಡಿ ಮಳೆ–ಭೂಮಿಯ ಹಾಡಿಗೆ ತುಂತುಣಿ ಮೀಟಿದ. ನಾನು ತಲೆಯಾಡಿಸಿ ಬೇಡವೆಂದೆ. ಎದ್ದು ನಿಂತು ನನ್ನ ಹಾಡನ್ನು ಎತ್ತಿದೆ.

*ಹಾಸು ನಿಂತಲ್ಲೇ ನಿಂತೈತಿ, ಹೊಕ್ಕು ನಡೆದು ಸೀರಿ ಆಗೈತಿ,*
*ನಡೆದವಳ ಹೆಜ್ಜಿ ಸಾಲಿನಾಗ ನಿಂತವನ ಮಾನ ಉಳದೈತಿ.*

ಅಕ್ಕ ಒಂದು ಕ್ಷಣ ತಡವರಿಸಿದಳು. ಆಮೇಲೆ ಗೀಗೀ ಎಂದು ಪಲ್ಲವಿ ಹಿಡಿದಳು. ಅಂಗಳದಲ್ಲಿ ನೇಯ್ಗೆ ಬಲ್ಲವರು ಯಾರೋ ಇದ್ದಿರಬೇಕು, ಹಾ ಎಂದರು. ಆಮೇಲಿನದು ನನಗೆ ಪೂರ್ತಿ ನೆನಪಿಲ್ಲ. ಬೇವಿನ ಎಲೆಗಳ ನಡುವಿನ ಬೆಳಕು ಅಲುಗಾಡುತ್ತಿತ್ತು. ನನ್ನ ಮುಂದೆ ಜನ ಇರಲಿಲ್ಲ, ರಾಟಿ ಇತ್ತು. ಬೆರಳಿನ ನಡುವೆ ನೂಲು ಓಡುತ್ತಿತ್ತು, ಹಾಡು ತನ್ನಷ್ಟಕ್ಕೆ ಬಿಚ್ಚಿಕೊಳ್ಳುತ್ತಿತ್ತು. ಹಾಗೇ ಕಡೆಯ ನುಡಿಗೆ ಬಂದೆ. ಖಾಲಿ ಜಾಗಕ್ಕೆ ಬಂದೆ. ಆರು ವರ್ಷ ಆ ಜಾಗದಲ್ಲಿ ಹಾಡಿದ ಹೆಸರನ್ನೇ ಬಾಯಿ ಹಾಡಿತು: ತೇರದಾಳ.

ಮುಗಿದ ಕೂಡಲೇ ಚಪ್ಪಾಳೆ ಬಿತ್ತು. ಆ ಚಪ್ಪಾಳೆಯ ನಡುವೆ ಮಾಸ್ತರರು ಎದ್ದು ನಿಂತದ್ದು ಕಂಡಿತು. ಅಳತೆಯ ಟೇಪು ಅಭ್ಯಾಸಬಲದಿಂದ ಕೊರಳಲ್ಲೇ ಇತ್ತು. ಕೈ ಎತ್ತಿದರು. ಅಂಗಳ ಸುಮ್ಮನಾಯಿತು.

"ಈ ಹಾಡ ನಂದಲ್ಲ," ಎಂದರು. "ನಾ ಬರದಿಲ್ಲ, ನಾ ಕೇಳಿಲ್ಲ. ನನ್ನ ಊರ ಹೆಸರ ಇದಕ್ಕ ಬರಂಗಿಲ್ಲ."

ಗುರು ಕೇಳದ ಹಾಡಿಗೆ ಗುರುವಿನ ಊರನ್ನು ಹಾಕುವುದು ಅವರ ಸಹಿಯನ್ನು ನಾನು ಮಾಡಿದಂತೆ. ಅದಕ್ಕೆ ಮೇಳದಿಂದ ಹೊರಗೆ ಹಾಕಿದ್ದನ್ನು ನಾನು ಕೇಳಿದ್ದೆ. ಮಾವ ತುಂತುಣಿಯನ್ನು ಮಡಿಲಿಗೆ ಇಳಿಸಿದ.

ಹರದೇಶಿಯವನು ಇಂಥ ಅವಕಾಶ ಬಿಡುವವನಲ್ಲ. "ಹಂಗಾರ ಯಾರದ್ರೀ ಮಾಸ್ತರ? ದಾರ್ಯಾಗ ಬಿದ್ದದ್ದ ಉಡ್ಯಾಗ ಹಾಕ್ಕೊಂಡ ಬಂದಾಳೇನು?"

"ನಂದರಿ," ಎಂದೆ.

"ಕೇಳಸ್ಲಿಲ್ಲ!" ಎಂದಳು ಹಿಂದಿನ ಸಾಲಿನ ಒಬ್ಬ ಮುದುಕಿ. "ಹಾಡಾಕ ದನಿ ಐತಿ, ಹೇಳಾಕ ಇಲ್ಲೇನ ಯವ್ವಾ?"

"ನಂದು!" ಎಂದೆ. "ನಾ ಬರದೇನಿ. ಊರ ಹೆಸರ ಬಾಯಿ ರೂಢೀಲೇ ಬಂತ್ರಿ. ತಪ್ಪಾತು."

ಮಾಸ್ತರರು ಕೊರಳಿನ ಟೇಪನ್ನು ಎರಡೂ ಕೈಯಲ್ಲಿ ಹಿಡಿದು ನನ್ನನ್ನು ನೋಡಿದರು. ಬಟ್ಟೆಗೆ ಕತ್ತರಿ ಹಾಕುವ ಮೊದಲು ಹಾಗೇ ನೋಡುತ್ತಿದ್ದರು.

"ನಿಂದಾದ್ರ ನಿನ್ನ ಊರ ಹಾಕು. ಕಡೀ ನುಡಿ ಇನ್ನೊಮ್ಮೆ ಹಾಡು."

"ಯಾವ ಊರ ಹಾಕ್ಲಿರಿ?"

"ಅಂಗಿ ಹೊಲದಾಕಿ ನೀನು. ಗುಂಡಿ ಎಲ್ಲಿ ಹಚ್ಚಲಿ ಅಂತ ನನ್ನ ಕೇಳ್ತಿ?"

ಜನ ನಕ್ಕರು. ನನಗೆ ನಗು ಬರಲಿಲ್ಲ. ಎರಡು ಊರು ಕಣ್ಣ ಮುಂದೆ ಬಂದವು. ಹುನ್ನೂರಿನ ಮಾಳಿಗೆ ಬಂತು, ಅದರ ಮೇಲಿನ ಆಕಾಶ ಬಂತು. ಆದರೆ ಹಾಡು ಹುಟ್ಟಿದ್ದು ರಾಟಿಯ ಮುಂದೆ. ದಪ್ಪು ಎತ್ತಿದೆ. ಬನಹಟ್ಟಿ ಎಂದು ಹಾಡಿದೆ. ತೇರದಾಳಕ್ಕಿಂತ ಬನಹಟ್ಟಿ ಒಂದು ಮಾತ್ರೆ ಕಡಿಮೆ. ದಾಟಿಯಲ್ಲಿ ಸಣ್ಣದೊಂದು ಹಳ್ಳ ಬಿತ್ತು. ಬಿದ್ದ ಕಡೆ ನನ್ನ ಕೈ ದಪ್ಪಿಗೆ ಒಂದು ಹೆಚ್ಚಿನ ಪೆಟ್ಟು ಕೊಟ್ಟು ಮುಂದೆ ಹೋಯಿತು.

"ಒಂದ ಮಾತ್ರಿ ಕಮ್ಮಿ ಬಿತ್ತಲ್ಲ ತಂಗೆವ್ವಾ!" ಎಂದ ಹರದೇಶಿಯವನು.

"ಕಮ್ಮಿ ಬಿದ್ದದ್ದ ದಪ್ಪ ತುಂಬೇತ್ರೀ ಕಾಕಾ."

ಅವನು ರುಮಾಲು ಸರಿಮಾಡಿಕೊಂಡು, ಹಾಸು–ಹೊಕ್ಕು ಬಿಟ್ಟು ಬೇರೆ ಪ್ರಶ್ನೆಗೆ ಹೋದ. ನಮ್ಮಲ್ಲಿ ಪ್ರಶ್ನೆ ಬಿಟ್ಟು ಹೋಗುವುದೆಂದರೆ ಸೋಲು ಒಪ್ಪಿಕೊಂಡಂತೆ. ನಾಲ್ಕೂವರೆಗೆ ಮಂಗಳ ಹಾಡಿ ಮುಗಿಸಿದೆವು. ಪಕ್ಕದ ಹಳ್ಳಿಯಿಂದ ಬಂದಿದ್ದ ಇಬ್ಬರು ಹಿರಿಯರು ಮಾವನ ಹತ್ತಿರ ಬಂದು, "ಬರೂ ಸೋಮವಾರ ನಮ್ಮೂರಿಗೆ ಬರ್ರಿ. ಆ ಮಗ್ಗದ ಹಾಡ ಬೇಕ ನೋಡ್ರಿ," ಎಂದರು. ಮಾವ ಹೂಂ ಎನ್ನುವ ಮೊದಲು ನನ್ನ ಮುಖ ನೋಡಿದ. ಅದುವರೆಗೆ ಹಾಗೆ ನೋಡಿದವನಲ್ಲ.

ತಿರುಗಿ ಬರುವಾಗ ಮಾಸ್ತರರ ಪಕ್ಕದಲ್ಲಿ ನಾನೇ ಹೋಗಿ ಕೂತೆ. ವಹಿ ಕೇಳಿದರು. ಕೊಟ್ಟೆ. ಅಲುಗಾಡುವ ಬಸ್ಸಿನಲ್ಲಿ ಹಾಡನ್ನು ಎರಡು ಸಲ ಓದಿದರು. ಜೇಬಿನಿಂದ ಸೀಮೆಸುಣ್ಣ ತೆಗೆದರು, ಮತ್ತೆ ಒಳಗಿಟ್ಟರು.

"ಮೂರನೇ ನುಡಿ ಉದ್ದ ಆಗೈತಿ."

"ತಿದ್ರಿ."

"ನಾ ಯಾಕ ತಿದ್ದಲಿ? ಊರ ಹಾಕ್ಕೊಂಡಾಕಿ ತಾನ ತಿದ್ದಕೋಬೇಕು. ಇನ್ನ ಮ್ಯಾಲೆ ಪಾಠಕ್ಕ ಬರಬ್ಯಾಡ, ನಿನ್ನ ಹಾಡ ನನ್ನ ಅಂಗಡಿಗೆ ತರಬ್ಯಾಡ. ಪದ್ಧತಿ ಇಲ್ಲ."

ಆ ಪದ್ಧತಿ ನನಗೆ ಗೊತ್ತಿತ್ತು. ಆದರೂ ಆ ಗಳಿಗೆಯವರೆಗೆ ಅದು ನನಗೆ ತಗಲುವ ಮಾತು ಎನ್ನಿಸಿರಲಿಲ್ಲ. ಊರಿನ ಹೆಸರು ಬೇಕೆಂದು ನಾಲ್ಕು ವಾರ ಕಾದವಳು, ಅದರ ಜೊತೆಗೆ ಆ ಬೆಳಗುಗಳು ಹೋಗುತ್ತವೆಂದು ಎಣಿಸಿರಲಿಲ್ಲ. ನೀರು ಚಿಮುಕಿಸಿದ ನೆಲದ ವಾಸನೆ, ಹಲಗೆಯ ಮೇಲಿನ ಬಿಳಿ ಅಕ್ಷರ, ಅದು ಅಳಿಸಿ ಹೋಗುವ ಮೊದಲಿನ ಆತುರ.

"ಕಸ ಗುಡಸಾಕರ ಬರ್ಲೇನ್ರಿ?" ಎಂದೆ.

"ಕವಿ ಕೈಲೆ ಕಸ ಗುಡಸಿಕೊಂಡೆ ಅಂದ್ರ ಮಂದಿ ನನಗ ಏನಂದಾರು?" ಎಂದು ಕಿಟಕಿಯ ಕಡೆ ತಿರುಗಿದರು.

ಆಮೇಲೆ ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಹಾಡಿದೆ. ಮುಧೋಳ, ಜಮಖಂಡಿ, ಬೀಳಗಿ ತಾಲ್ಲೂಕುಗಳಲ್ಲಿ ನಾನು ದಪ್ಪು ಬಾರಿಸದ ಊರು ಕಡಿಮೆ. ಅಕ್ಕ ಮದುವೆಯಾಗಿ ಚಿಮ್ಮಡಕ್ಕೆ ಹೋದ ಮೇಲೂ ತಾಳ ಬಿಡಲಿಲ್ಲ. ರೇಡಿಯೋದವರು ಕರೆದಾಗ ಒಬ್ಬ ಅಧಿಕಾರಿ, ಕಡೆಯ ನುಡಿಯಲ್ಲಿ ಒಂದು ಪೆಟ್ಟು ಹೆಚ್ಚು ಬೀಳುತ್ತಿದೆ, ತೆಗೆಯಿರಿ ಎಂದರು. ತೆಗೆಯಲಿಲ್ಲ. ನನ್ನ ಹಾಡೆಂದು ಜನ ಗುರುತಿಸುತ್ತಿದ್ದುದೇ ಅದರಿಂದ. ಅದೆಲ್ಲ ಬೇರೆ ದಿನಗಳ ಮಾತು.

ಆ ದಿನ ಬನಹಟ್ಟಿಯಲ್ಲಿ ನಾವು ಮೂವರು ಇಳಿದಾಗ ಏಳು ಗಂಟೆ. ಮಾಸ್ತರರು ಅದೇ ಬಸ್ಸಿನಲ್ಲಿ ತೇರದಾಳಕ್ಕೆ ಮುಂದೆ ಹೋದರು. ಅವರ ಕಿಟಕಿ ಕತ್ತಲಲ್ಲಿ ಸಣ್ಣದಾಗುತ್ತ ಹೋಗುವುದನ್ನು ನೋಡಿದೆ. ಮನೆಗೆ ಬಂದು ಕೈಕಾಲು ತೊಳೆದೆ. ದಪ್ಪನ್ನು ಒಣಬಟ್ಟೆಯಿಂದ ಒರೆಸಿ ಗೂಟಕ್ಕೆ ಹಾಕಿದೆ. ದೀಪದ ಹತ್ತಿರ ವಹಿ ತೆರೆದು, ಗೆರೆಯ ಮೇಲೆ ಬನಹಟ್ಟಿ ಎಂದು ಬರೆದೆ. ಮೂರನೆಯ ನುಡಿಯಲ್ಲಿ ಎರಡು ಪದ ಹೊಡೆದುಹಾಕಿದೆ. ಮಾಸ್ತರರು ಹೇಳಿದ್ದು ಸರಿಯಾಗಿತ್ತು. ಆಮೇಲೆ ರಾಟಿಗೆ ಕೂತೆ. ಬೆಳಗಿನವೂ ಸಂಜೆಯವೂ ಕೂಡಿ ಇಪ್ಪತ್ತನಾಲ್ಕು ಕಂಡಿಕೆ ಬಾಕಿ ಇದ್ದವು. ಅಕ್ಕ ನೂಲಿನ ಲಡಿ ಬಿಡಿಸಿ ಕೊಟ್ಟಳು, ನಾನು ಸುತ್ತಿದೆ. ಒಂಬತ್ತಕ್ಕೆ ಕಡೆಯದು ತುಂಬಿತು. ಬುಟ್ಟಿಗೆ ಹಾಕಿ, ಮಾವನ ಮಗ್ಗದ ಬಲಗಡೆ, ಅವನ ಕೈಗೆ ಎಟುಕುವ ಕಡೆ ಇಟ್ಟೆ.