ಬಾಗಿಲ ಹಿಂದಿನ ಗೂಟ

ದೆವ್ವ, ಪೂರ್ವಜನ್ಮ, ಸೂಚನೆ ಇಂಥ ಮಾತು ಶುರುವಾದರೆ ನಾನು ಎದ್ದು ಚಹಾ ಮಾಡಲು ಒಳಗೆ ಹೋಗುವವಳು. ಈಗಲೂ ಹಾಗೆಯೇ. ಹಲ್ಲಿ ಲೊಚಗುಟ್ಟಿದರೆ ನೆಲ ಕುಟ್ಟಿ 'ಕೃಷ್ಣ ಕೃಷ್ಣ' ಎನ್ನುವವರ ನಡುವೆ ಬೆಳೆದದ್ದಕ್ಕೋ ಏನೋ, ಎಲ್ಲದಕ್ಕೂ ಕಾರಣ ಹುಡುಕುವ ಚಟ ನನಗೆ ಚಿಕ್ಕಂದಿನಲ್ಲೇ ಅಂಟಿಕೊಂಡಿತು. ಹುಡುಕಿದರೆ ಸಾಮಾನ್ಯವಾಗಿ ಸಿಗುತ್ತದೆ. ಸಿಗದೆ ಹೋದದ್ದು ಒಂದೇ ಒಂದು. ಅದನ್ನು ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ನೀವು ನಂಬಲೇಬೇಕೆಂಬ ಹಟವಿಲ್ಲ, ನಾನೇ ಪೂರ್ತಿ ನಂಬಿಲ್ಲ.

ಮನೆಗಳ ಒಳಾಂಗಣ ಅಲಂಕಾರ ನನ್ನ ಕಸುಬು. ಇಪ್ಪತ್ತು ವರ್ಷದ ಹಿಂದೆ ಕಾರವಾರದಲ್ಲಿ ಈ ಕಸುಬು ಇನ್ನೂ ಹೊಸದು. 'ಪರದೆ ಹಾಕುವ ಬಾಯಿ' ಎಂದೇ ಜನ ನನ್ನನ್ನು ಗುರುತಿಸುತ್ತಿದ್ದರು, ಬಾಯಿ ಎಂದರೆ ನಮ್ಮಲ್ಲಿ ಅಮ್ಮನವರು ಎಂದ ಹಾಗೆ. ಆಗ ಒಂದು ದಿನ ಶೈಲಾ ಅಕ್ಕೋರು ಮನೆಗೆ ಬಂದರು. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದ ಅವರು ಮಾತನ್ನೂ ಲೆಕ್ಕದ ಹಾಗೇ ಚುಟುಕಾಗಿ ಆಡುವವರು. ಅಂಕೋಲೆಯ ಭಾವಿಕೇರಿಯ ಕಡೆ ಅವರ ಅತ್ತೆಯ ತವರುಮನೆಯಿತ್ತಂತೆ. ಯಾವುದೋ ಕಾಲದಲ್ಲಿ ಮರದ ವ್ಯಾಪಾರಿಯೊಬ್ಬರು ಕಟ್ಟಿಸಿದ ದೊಡ್ಡ ಮನೆ. ಕೈಯಿಂದ ಕೈಗೆ ಹೋಗಿ, ಕೊನೆಗೆ ಕೊಬ್ಬರಿ ತುಂಬುವ ಗೋದಾಮಾಗಿ, ಮಾಡು ಕುಸಿದು ಬಿದ್ದಿತ್ತು. ಅಕ್ಕೋರು ಮತ್ತು ಅವರ ಗಂಡ ಅದನ್ನು ಮತ್ತೆ ಕೊಂಡು, ಹಳೆಯ ರೂಪ ಕೆಡದಂತೆ ಎರಡು ವರ್ಷ ದುರಸ್ತಿ ಮಾಡಿಸಿದ್ದರು. ಇನ್ನು ಒಳಗಿನದು ಬಾಕಿ. ಯಾವ ಕೋಣೆಯಲ್ಲಿ ಏನಿರಬೇಕು, ಎಲ್ಲಿ ಕೂರಬೇಕು, ಎಲ್ಲಿ ದೀಪ, ಎಲ್ಲಿ ಗೂಟ, ಅದೆಲ್ಲ ನನ್ನ ಪಾಲಿಗೆ ಬಂತು.

ಇಷ್ಟೆಲ್ಲ ಮಾಡಿದ್ದು ಅತ್ತೆಗಾಗಿ. ರುಕ್ಮಿಣಿ ಅಜ್ಜಿಗೆ ಎಂಬತ್ತರ ಹತ್ತಿರ ವಯಸ್ಸು, ಕಣ್ಣು ಹೋಗಿ ಹತ್ತು ಹನ್ನೆರಡು ವರ್ಷ. ಮೂರು ವರ್ಷದ ಹಿಂದಿನ ಮಳೆಗಾಲದಲ್ಲಿ ಕಾರವಾರದ ಮನೆಯ ಬಚ್ಚಲಲ್ಲಿ ಜಾರಿ ಬಿದ್ದಿದ್ದರು. ಮುರಿದ ಎಲುಬು ಕೂಡಿತು, ಹೆದರಿಕೆ ಹೋಗಲಿಲ್ಲ. ಇಬ್ಬರು ಹಿಡಿದುಕೊಳ್ಳದೆ ಮಂಚದಿಂದ ಕಾಲು ಕೆಳಗಿಡುತ್ತಿರಲಿಲ್ಲ.

"ಆ ಮನೇಲಾದ್ರೂ ಅತ್ತೆ ತಾನಾಗೇ ನಾಕು ಹೆಜ್ಜೆ ಹಾಕಿದ್ರೆ ಸಾಕು" ಎಂದರು ಅಕ್ಕೋರು. "ಇಲ್ಲಾಂದ್ರೆ ಇಷ್ಟೆಲ್ಲಾ ಮಾಡಿದ್ದು ಯಾರಿಗೆ ಹೇಳಿ."

ಮೊದಲು ಒಳಗೆ ಹೇಗಿತ್ತು ಎಂದು ಕೇಳಿದೆ. ಹೇಳುವವರೇ ಇರಲಿಲ್ಲ. ಒಂದು ಫೋಟೋ ಕೂಡ ಉಳಿದಿರಲಿಲ್ಲ. ಅಜ್ಜಿಯ ಮಗ ಹುಟ್ಟುವ ಮೊದಲೇ ಮನೆ ಬೇರೆಯವರ ಪಾಲಾಗಿತ್ತು. ಅಜ್ಜಿಯ ಓರಗೆಯವರೆಲ್ಲ ತೀರಿಕೊಂಡಿದ್ದರು. ಒಬ್ಬ ಅಣ್ಣ ಹದಿನಾರರ ವಯಸ್ಸಿನಲ್ಲಿ ಮುಂಬೈಗೆಂದು ಹಡಗು ಹತ್ತಿ ಹೋದವನು ಕಾಗದವನ್ನೂ ಹಾಕಲಿಲ್ಲ, ತಿರುಗಿಯೂ ಬರಲಿಲ್ಲ. ಅಜ್ಜಿಯನ್ನೇ ಕೇಳಿದರೆ "ಹಳೇದು ಯಂತಕೆ ಈಗ?" ಎಂದು ಗೋಡೆಯ ಕಡೆ ಹೊರಳಿದರಂತೆ. ನಿಮ್ಮ ಮನಸ್ಸಿಗೆ ಬಂದ ಹಾಗೆ ಮಾಡಿ ಎಂದು ಅಕ್ಕೋರು ಬೀಗದ ಕೈ ಕೊಟ್ಟುಬಿಟ್ಟರು.

ನನಗೆ ಕೆಲಸ ಕಲಿಸಿದ ಹುಬ್ಬಳ್ಳಿಯ ಗುರುಗಳದ್ದೊಂದು ಪದ್ಧತಿಯಿದೆ. ಖಾಲಿ ಕೋಣೆಯಲ್ಲಿ ಕಣ್ಣು ಮುಚ್ಚಿ ನಾಲ್ಕು ಸಲ ಓಡಾಡಬೇಕು. ಒಳಗೆ ಬಂದವರ ಕೈ ತಾನಾಗಿ ಎಲ್ಲಿಗೆ ಹೋಗುತ್ತದೋ ಅಲ್ಲಿ ಗೂಟ, ಕಾಲು ಎಲ್ಲಿ ನಿಲ್ಲುತ್ತದೋ ಅಲ್ಲಿ ಕುರ್ಚಿ. ಕೇಳಲು ತಮಾಷೆ ಎನಿಸಿದರೂ ಇದರಲ್ಲಿ ಮಾಯೆ ಮಂತ್ರ ಏನಿಲ್ಲ, ಬರೀ ಅಭ್ಯಾಸ. ಭಾವಿಕೇರಿಯ ಮನೆಯಲ್ಲೂ ಹಾಗೇ ಮಾಡಿದೆ. ಹಗಲು ಹನ್ನೊಂದರ ಹೊತ್ತು, ಹೊಸ ಗಾರೆಯ ವಾಸನೆ, ಹೊರಗೆ ಅಕ್ಕೋರು ಯಾರೊಂದಿಗೋ ನಲ್ಲಿಯ ವಿಷಯ ಮಾತಾಡುತ್ತಿದ್ದರು. ಜಗುಲಿ, ಪಡಸಾಲೆ, ಊಟದ ಕೋಣೆ ಮುಗಿಸಿ ನಡುಕೋಣೆಗೆ ಬಂದೆ. ಬಾಗಿಲು ದಾಟಿ ಎರಡು ಹೆಜ್ಜೆ ಇಟ್ಟವಳು ಕಣ್ಣು ಮುಚ್ಚಿಕೊಂಡೇ ಬಗ್ಗಿದೆ. ಬಾಗಿಲ ಹಿಂದಿನ ಗೋಡೆಗೆ, ಸೊಂಟಕ್ಕಿಂತ ಕೆಳಗೆ, ಕೈ ಹೋಗಿ ನಿಂತಿತು. ಪೆನ್ಸಿಲಿನಿಂದ ಅಲ್ಲೊಂದು ಗುರುತು ಹಾಕಿದೆ.

ಅಕ್ಕೋರು ನೋಡಿ ನಕ್ಕುಬಿಟ್ಟರು. "ಇಷ್ಟು ಕೆಳಗೆ ಗೂಟ ಯಂತಕೆ ಮಾರಾಯ್ತಿ? ನಾಯಿ ಕಟ್ಟೂಕಾ?"

ಅಳಿಸಬೇಕೆಂದು ನನಗೂ ಅನಿಸಿತು. ಆದರೆ ಅಳಿಸಲು ಹೋದರೆ ಕೈ ಬರಲಿಲ್ಲ. ಬಾಡಿಗೆಗೆ ಬಂದವರ ಮಕ್ಕಳಿಗೆ ಆದೀತು, ಚೀಲ ತೂಗುಹಾಕಲು ಆದೀತು ಎಂದು ಏನೇನೋ ಬಡಬಡಿಸಿದೆ. ಬಾಡಿಗೆಗೆ ಕೊಡುವ ಮನೆಯೇ ಅಲ್ಲ ಅದು. ಅಕ್ಕೋರು ನನ್ನ ಮುಖ ಒಮ್ಮೆ ನೋಡಿ, ನಲ್ಲಿಯವನ ಹತ್ತಿರ ಮಾತಾಡಲು ಮತ್ತೆ ಹೊರಗೆ ಹೋದರು.

ಮರುದಿನ ಶೆಟಗೇರಿಯಿಂದ ಗಣಪತಿ ಆಚಾರಿ ಬಂದ. ನಮ್ಮ ಕಡೆಯ ಚಿರೇಕಲ್ಲಿನ, ಅಂದರೆ ಕೆಂಪು ಜಂಬಿಟ್ಟಿಗೆಯ, ಗೋಡೆಗೆ ಮೊಳೆ ನೇರವಾಗಿ ಹೊಡೆದರೆ ನಿಲ್ಲುವುದಿಲ್ಲ, ಕಲ್ಲು ಪುಡಿಯಾಗಿ ಉದುರುತ್ತದೆ. ಮೊದಲು ತೂತು ಕೊರೆದು, ಅದರೊಳಗೆ ಮರದ ತುಂಡು ಬಿಗಿದು, ಆ ಮರಕ್ಕೆ ಗೂಟ ಕೂರಿಸಬೇಕು. ಪಡಸಾಲೆಯ ಮೊದಲ ಗುರುತಿನ ಮೇಲೆ ಉಳಿಯಿಟ್ಟು ಗಾರೆ ಕೆತ್ತಿದ ಆಚಾರಿ ನಿಂತುಬಿಟ್ಟ. ಗಾರೆಯ ಕೆಳಗೆ ಆಗಲೇ ಒಂದು ಮರದ ತುಂಡಿತ್ತು. ಹಳೆಯದು, ಕಪ್ಪಗಾಗಿ ಕಲ್ಲಿನಷ್ಟೇ ಗಟ್ಟಿಯಾಗಿತ್ತು. ಎರಡನೆಯ ಗುರುತಿನಲ್ಲೂ ಇತ್ತು. ಮೂರನೆಯದರಲ್ಲೂ.

ನಾನು ಧೈರ್ಯವಾಗಿಯೇ ಇದ್ದೆ. ಮನುಷ್ಯರ ಕೈ ಹೋಗುವ ಎತ್ತರ ಎಲ್ಲ ಕಾಲಕ್ಕೂ ಒಂದೇ, ಬಾಗಿಲು ಕಿಟಕಿ ಇದ್ದಲ್ಲೇ ಇವೆ, ಅಂದಮೇಲೆ ಅವರಿಗೆ ತೋಚಿದ್ದೇ ನನಗೂ ತೋಚಿದೆ ಎಂದು ಆಚಾರಿಗೆ ಪಾಠ ಮಾಡಿದೆ. ಆತ ತಲೆಯಾಡಿಸಿದ. ಆಮೇಲೆ ನಡುಕೋಣೆಗೆ ಹೋಗಿ ಬಾಗಿಲ ಹಿಂದೆ ಕುಕ್ಕರಗಾಲಿನಲ್ಲಿ ಕೂತು ಉಳಿ ಹೊಡೆದ. ಅಲ್ಲೂ ಇತ್ತು. ಉಳಿದವುಗಳಂತೆ ನಯವಾಗಿರಲಿಲ್ಲ. ಸೊಟ್ಟಂಬಟ್ಟ ಕೆತ್ತಿದ, ಕೈ ಪಳಗದವರು ಮಾಡಿದ ತುಂಡು.

"ಬಾಯೋರೆ, ನೀವು ಮೊದ್ಲು ಈ ಮನೆ ನೋಡಿದ್ರಾ?" ಎಂದ ಆಚಾರಿ.

ಇಲ್ಲವೆಂದೆ. ಆತ ಹೊರಗೆ ಹೋಗಿ ಕೈಕಾಲು ಮುಖ ತೊಳೆದು ಬಂದು, ಹತಾರದ ಚೀಲದಿಂದ ಒಂದು ಊದುಬತ್ತಿ ತೆಗೆದು ಬೀಡಿಯ ಬೆಂಕಿಪೊಟ್ಟಣದಿಂದ ಹಚ್ಚಿದ. ಬೇರೆ ದಿನವಾಗಿದ್ದರೆ ನಾನು ಗೇಲಿ ಮಾಡುತ್ತಿದ್ದೆ.

ಹಾಲುಕ್ಕಿಸಿದ ದಿನ ಬಂದವರೆಲ್ಲ ಉಂಡು ಹೋದ ಮೇಲೆ, ಮಧ್ಯಾಹ್ನ ಮೂರರ ಹೊತ್ತಿಗೆ ಅಜ್ಜಿಯನ್ನು ಕಾರಿನಲ್ಲಿ ಕರೆತಂದರು. ಗದ್ದಲದಲ್ಲಿ ಹೆದರುತ್ತಾರೆಂದು ಅಕ್ಕೋರು ಹಾಗೆ ಗೊತ್ತು ಮಾಡಿದ್ದರು. ಮಗ ಒಂದು ರಟ್ಟೆ, ಸೊಸೆ ಒಂದು ರಟ್ಟೆ ಹಿಡಿದು ಮೆಟ್ಟಿಲು ಹತ್ತಿಸಿದರು. ಹೊಸ್ತಿಲ ಬಳಿ ಅಜ್ಜಿ ನಿಂತರು. ಮೂಗಿನ ಹೊಳ್ಳೆ ಅಗಲವಾಯಿತು. ಬಲಗೈ ಬಿಡಿಸಿಕೊಂಡು ಪಕ್ಕಕ್ಕೆ ಚಾಚಿದರು. ಅಲ್ಲಿ ನಾನು ಇಡಿಸಿದ್ದ ಬೆಂಚಿನ ಬೆನ್ನು ಸಿಕ್ಕಿತು. ಅದರ ಮೇಲೆ ಕೈಯಾಡಿಸಿ, ಎಡಗೈಯನ್ನೂ ಬಿಡಿಸಿಕೊಂಡರು. ಮಗ ಮತ್ತೆ ಹಿಡಿಯಲು ಹೋದಾಗ ಅಕ್ಕೋರು ಗಂಡನ ಅಂಗಿ ಹಿಡಿದು ಎಳೆದರು.

ಅಜ್ಜಿ ನಡೆದರು. ಮೊದಲು ಕಾಲು ಎಳೆಯುತ್ತ, ಆಮೇಲೆ ಎತ್ತಿಡುತ್ತ. ಪಡಸಾಲೆಯ ಮೇಜನ್ನು ತಾಗದೆ ಸುತ್ತಿ ಹೋದರು. ಹೆಗಲ ಮೇಲಿನ ಶಾಲು ತೆಗೆದು ಗೋಡೆಯ ಗೂಟಕ್ಕೆ ಹಾಕಿದರು, ಒಂದೇ ಸಲಕ್ಕೆ. ನಾವು ಮೂವರೂ ಹಿಂದೆ ಹೋದೆವು. ನಡುಕೋಣೆಯ ಬಾಗಿಲು ದಾಟಿ ಎರಡು ಹೆಜ್ಜೆ ಇಟ್ಟವರು ಬಗ್ಗಿದರು. ಕೈ ಗೂಟಕ್ಕೆ ತಾಗಿತು.

"ನಂದು!" ಎಂದು ಕೂಗಿಯೇ ಬಿಟ್ಟರು. ಎಂಬತ್ತರ ಮುದುಕಿಯ ದನಿಯಲ್ಲ ಅದು. "ನಮ್ಮಣ್ಣ ಹೊಡ್ದದ್ದು. ನಂಗೆ ಮ್ಯಾಲಿಂದು ಎಟುಕ್ತಿರ್ಲಿಲ್ಲ ಅಂತ ಅಪ್ಪನ ಕಣ್ಣು ತಪ್ಸಿ ಹೊಡ್ದಿದ್ದ. ಬೈಸ್ಕಂಡಿದ್ದ."

ಅಕ್ಕೋರು ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತಿದ್ದರು. ನನಗೂ ಅಳು ಬಂತು, ಸುಳ್ಳು ಯಾಕೆ ಹೇಳಲಿ. ಉಳಿದ ಗೂಟಗಳಿಗೆ ನಾನು ಆಚಾರಿಯ ಮುಂದೆ ಹೇಳಿದ ಕಾರಣ ಸಾಕು. ಈ ಒಂದಕ್ಕೆ ಸಾಲದು. ಬೆಳೆದ ಹೆಂಗಸಿನ ಕೈ ತಾನಾಗಿ ಆ ಎತ್ತರಕ್ಕೆ ಹೋಗುವುದಿಲ್ಲ. ಹೊಸ ಗಾರೆಯ ಕೆಳಗೆ ಮುಚ್ಚಿಹೋದ ಮರದ ತುಂಡು ಹೊರಗೆ ಕಾಣುವುದೂ ಇಲ್ಲ.

"ನಿಂಗೆ ಯಾರು ಹೇಳ್ದರು ತಂಗಿ?" ಎಂದು ಅಜ್ಜಿ ನನ್ನನ್ನು ಕೇಳಿದರು.

ಯಾರೂ ಹೇಳಲಿಲ್ಲ ಅಜ್ಜಿ ಎಂದೆ. ಅವರು ನಂಬಲಿಲ್ಲ. ಯಾಕೆ ನಂಬಬೇಕು? ಈ ಗೂಟದ ಸಂಗತಿ ಬಲ್ಲವರಲ್ಲಿ ಸತ್ತವರನ್ನೆಲ್ಲ ಕಳೆದರೆ ಉಳಿಯುವವನು ಒಬ್ಬನೇ, ಹಡಗು ಹತ್ತಿ ಹೋದ ಆ ಅಣ್ಣ. "ಹೇಳ್ಬ್ಯಾಡ ಅಂತ ಆಣೆ ಹಾಕ್ಸಿರ್ಬೇಕು ಅಂವ. ಅಂವ ಹಾಂಗೇಯ" ಎಂದು ತಮ್ಮಷ್ಟಕ್ಕೇ ನಕ್ಕು, ಕಾರು ತಿರುಗಿ ಹೋಗಲಿ, ತಾನು ಇನ್ನು ಇಲ್ಲೇ ಇರುವವಳು ಎಂದರು.

ಅಲ್ಲಿಂದ ಮೂರು ವರ್ಷಕ್ಕೂ ಮಿಕ್ಕಿ ಅವರು ಆ ಮನೆಯಲ್ಲಿ ಯಾರ ಕೈಯನ್ನೂ ಹಿಡಿಯದೆ ಓಡಾಡಿದರು. ಅಂಕೋಲೆಯ ಕಡೆ ಹೋದಾಗಲೆಲ್ಲ ನಾನು ಹೋಗಿ ನೋಡಿ ಬರುತ್ತಿದ್ದೆ. ಹೋದಾಗಲೆಲ್ಲ ಅದೇ ಪ್ರಶ್ನೆ, ನನ್ನದು ಅದೇ ಉತ್ತರ. ಯಾರೂ ಹೇಳಲಿಲ್ಲ. ಒಂದು ಸಲವಂತೂ ಸಿಟ್ಟಿನಿಂದ ನನ್ನ ಚಹಾದ ಲೋಟವನ್ನೇ ಕಸಿದುಕೊಂಡರು. ಇದ್ದದ್ದನ್ನೇ ಹೇಳುತ್ತಿದ್ದೇನೆಂಬ ಬಿಗುಮಾನ ನನಗೆ. ಎಂಬತ್ತು ದಾಟಿದವರ ಮುಂದೆ ಆ ಬಿಗುಮಾನ ಇಟ್ಟುಕೊಂಡು ನಾನು ಸಾಧಿಸಿದ್ದೇನು ಎಂದು ಈಗ ಅನಿಸುತ್ತದೆ.

ಕೊನೆಯ ಸಲ ಹೋದಾಗ ಅವರು ಮಲಗಿದ್ದರು. ಜ್ವರ ಇಳಿದಿರಲಿಲ್ಲ. ನನ್ನ ದನಿ ಗುರುತು ಹಿಡಿದು ಹತ್ತಿರ ಕರೆದರು. ಈ ಸಲ ಯಾರು ಹೇಳಿದರೆಂದು ಕೇಳಲಿಲ್ಲ.

"ಅಂವ ಚಲೋ ಇದ್ನನಾ?" ಎಂದರು.

ನಾನು ಅಕ್ಕೋರ ಮುಖ ನೋಡಿದೆ. ಅವರು ಕಿಟಕಿಯ ಕಡೆ ತಿರುಗಿ ನಿಂತರು.

"ಹೌದು ಅಜ್ಜಿ. ಚಲೋ ಇದ್ದರು" ಎಂದೆ.

ಅಜ್ಜಿ ನನ್ನ ಕೈಯನ್ನು ಎರಡು ಸಲ ತಟ್ಟಿ, ಬಿಟ್ಟರು.

ಗಿರಾಕಿಗಳ ಮುಂದೆ ನಾನು ಸಾಕಷ್ಟು ಸುಳ್ಳು ಹೇಳಿದ್ದೇನೆ. ಈ ಬಣ್ಣ ಮಾಸುವುದಿಲ್ಲ ಎಂದಿದ್ದೇನೆ, ಬರುವ ಸೋಮವಾರ ಮುಗಿಸಿಕೊಡುತ್ತೇನೆ ಎಂದಿದ್ದೇನೆ. ಅವೆಲ್ಲ ಸುಳ್ಳೆಂದು ಹೇಳುವಾಗಲೇ ನನಗೆ ಗೊತ್ತಿತ್ತು. ಅಂದು ಅಜ್ಜಿಗೆ ಹೇಳಿದ್ದು ಸುಳ್ಳೋ ಅಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ.